ಪ್ಲೇಟಿಂಗ್ ಮೇಸ್ತ್ರಿಗಳ ಕಿವಿ

ಅವರ ಬಲಗೈ ನಡುಬೆರಳಿನ ಉಗುರು ಹಸಿರು ಬಣ್ಣಕ್ಕೆ ತಿರುಗಿತ್ತು. ಮೂವತ್ತು ವರ್ಷ ನಿಕ್ಕಲ್ ತೊಟ್ಟಿಯ ಪಕ್ಕ ನಿಂತವರ ಉಗುರು. ಎಷ್ಟು ಸೋಪು ಹಾಕಿ ಉಜ್ಜಿದರೂ ಆ ಹಸಿರು ಬಿಡುತ್ತಿರಲಿಲ್ಲ. ದಪ್ಪಗಿತ್ತು, ತುದಿ ಒಡೆದಿತ್ತು. ಅದನ್ನು ಹೆಬ್ಬೆರಳಿಗೆ ಒತ್ತಿ ಚಿಮ್ಮಿಸಿ, ಕೈಗೆ ಸಿಕ್ಕಿದ ಲೋಹವನ್ನೆಲ್ಲ ತಟ್ಟುತ್ತಿದ್ದರು. ಕೆಲಸಕ್ಕೆ ಬಂದ ನಲ್ಲಿ, ಬೈಕಿನ ಹ್ಯಾಂಡಲ್, ಕಡೆಗೆ ನನ್ನ ಊಟದ ಡಬ್ಬಿಯನ್ನೂ ಬಿಟ್ಟಿರಲಿಲ್ಲ. ತಟ್ಟಿ, ತಲೆ ಒಂದಿಷ್ಟು ವಾಲಿಸಿ ಕೇಳಿಸಿಕೊಂಡು, ಆಮೇಲೆ ಬಾಯಿ ತೆರೆಯುತ್ತಿದ್ದರು.

ಪೀಣ್ಯದ ಒಂದು ಪ್ಲೇಟಿಂಗ್ ಶೆಡ್ಡಿನಲ್ಲಿ ಅವರು ಮೇಸ್ತ್ರಿ. ನಾನು ಅದೇ ರಸ್ತೆಯ ಕಾರ್ಖಾನೆಯೊಂದರಲ್ಲಿ ಬಿಡಿಭಾಗಗಳ ತಪಾಸಣೆ ಮಾಡುವವಳು. ನಮ್ಮ ಮಾಲಿಗೆ ನಿಕ್ಕಲ್, ಕ್ರೋಮ್ ಹೊಳಪು ಹಾಕಿಸಲು ಅವರಲ್ಲಿಗೆ ಕಳಿಸುತ್ತಿದ್ದೆವು. ನಿಜ ಹೇಳಬೇಕೆಂದರೆ, ಮೊದಮೊದಲು ಅವರನ್ನು ಕಂಡರೆ ನನಗೆ ಉರಿದುಹೋಗುತ್ತಿತ್ತು. ಡಿಪ್ಲೊಮಾ ಓದಿದವಳು ನಾನು, ಪ್ರತಿ ಮಾಲಿಗೂ ಯಾವ ಲೋಹವೆಂದು ಬರೆದು ಚೀಟಿ ಕಟ್ಟಿ ಕಳಿಸಿದರೆ, ಈ ಮನುಷ್ಯ ಚೀಟಿಯತ್ತ ಕಣ್ಣೂ ಹಾಯಿಸದೆ ತಟ್ಟಿ ನೋಡುವುದೇ!

"ಚೀಟಿ ಬರ್ಯೋರು ಮನುಸ್ರು ಮೇಡಮ್ಮೋರೆ. ಮರೀತಾರೆ, ನಿದ್ದೆಗೆಡ್ತಾರೆ. ಲೋಹ ಅಂಗಲ್ಲ," ಎನ್ನುತ್ತಿದ್ದರು.

ಶೆಡ್ಡಿನ ಹಿಂದಿನ ಮಾರಮ್ಮನ ಗುಡಿಗೆ ಯಾರೋ ಹೊಸ ಗಂಟೆ ಕೊಟ್ಟಾಗ ಅದನ್ನೂ ತಟ್ಟಿ, "ತವರ ಕಮ್ಮಿ ಆಕವ್ರೆ" ಎಂದಿದ್ದರಂತೆ. ಕೊಟ್ಟವರು ಮುಖ ಊದಿಸಿಕೊಂಡು ಮೂರು ತಿಂಗಳು ಗುಡಿಯ ಕಡೆ ಬರಲಿಲ್ಲ ಎಂದು ಅಲ್ಲಿನವರು ನಗುತ್ತಿದ್ದರು.

ಈಗ ನನ್ನ ಡ್ರಮ್ಮಿನ ವಿಷಯಕ್ಕೆ ಬರುತ್ತೇನೆ. ಅಪ್ಪ ವಾರವೆಲ್ಲ ಲೇತ್ ಮೇಲೆ ಕೆಲಸ ಮಾಡಿ, ಭಾನುವಾರ ಆರ್ಕೆಸ್ಟ್ರಾಗಳಲ್ಲಿ ಡ್ರಮ್ ಬಾರಿಸುತ್ತಿದ್ದವರು. ನನಗೂ ಅವರೇ ಕಲಿಸಿದರು. ತೊಡೆಗಳ ನಡುವೆ ಇಟ್ಟುಕೊಳ್ಳುವ ಸ್ನೇರ್ ಡ್ರಮ್ ಒಂದಿತ್ತು ಅವರ ಬಳಿ, ಯಾವುದೋ ಕಾಲದ ವಿದೇಶಿ ಮಾಲು, ಮೂರನೇ ಕೈಯಿಂದ ಕೊಂಡದ್ದು. "ಅಪ್ಪಟ ಹಿತ್ತಾಳೆ ಕಣೇ ಇದು, ಮೇಲೆ ಕ್ರೋಮ್ ಹಾಕಿದಾರೆ ಅಷ್ಟೇ," ಎಂದು ಬಂದವರಿಗೆಲ್ಲ ತೋರಿಸುತ್ತಿದ್ದರು. ಅವರು ಹೋದ ಮೇಲೆ ನನಗೆ ಉಳಿದದ್ದು ಅದೊಂದೇ. ಆ ವರ್ಷ ದಾಸರಹಳ್ಳಿಯ ರಾಜ್ಯೋತ್ಸವಕ್ಕೆ ಅವರ ಜಾಗದಲ್ಲಿ ನಾನು ಕೂರುವುದೆಂದು ಆಯಿತು. ಗುಳಿ ಬಿದ್ದ ಹಳೇ ಕ್ರೋಮ್ ತೆಗೆಸಿ ಹೊಸದಾಗಿ ಹೊಳೆಯಿಸಬೇಕು ಅನ್ನಿಸಿತು. ಚರ್ಮ, ಸ್ಕ್ರೂ, ತಂತಿ ಎಲ್ಲ ಬಿಚ್ಚಿದೆ. ಬರೀ ಶೆಲ್, ಅಂದರೆ ಲೋಹದ ಆ ಅಗಲ ಬಳೆ ಮಾತ್ರ ಉಳಿಯಿತು. ಅಯಸ್ಕಾಂತ ಹಿಡಿದು ನೋಡಿದೆ, ಅಂಟಲಿಲ್ಲ. ಸ್ಟೀಲಂತೂ ಅಲ್ಲ ಎಂದಾಯಿತು. ನನ್ನ ಕೈಯಾರೆ ಚೀಟಿಯಲ್ಲಿ 'ಹಿತ್ತಾಳೆ' ಎಂದು ದಪ್ಪಗೆ ಬರೆದು ಕಟ್ಟಿದೆ.

ಶೆಡ್ಡಿನಲ್ಲಿ ಮೊದಲ ತೊಟ್ಟಿ ಕುದಿಯುವ ಕಾಸ್ಟಿಕ್ ಸೋಡಾ ನೀರಿನದು. ಜಿಡ್ಡು, ಕೊಳೆ ಎಲ್ಲ ಅಲ್ಲಿ ಬಿಡಬೇಕು. ಕೆಲಸಗಾರರೊಬ್ಬರು ಚೀಟಿ ಓದಿ, ಶೆಲ್ಲನ್ನು ಕೊಕ್ಕೆಗೆ ಸಿಕ್ಕಿಸಿ ಎತ್ತಿದರು. ಅದು ತೂಗಾಡಿ ತೊಟ್ಟಿಯ ಕಂಬಿಗೆ ಒಮ್ಮೆ ತಾಗಿತು. ಹೊಗೆ ಎಳೆಯುವ ಬ್ಲೋವರ್ ಅಬ್ಬರದಲ್ಲಿ ಪಕ್ಕದಲ್ಲೇ ನಿಂತ ನನಗೇ ಅದು ಸರಿಯಾಗಿ ಕೇಳಲಿಲ್ಲ.

"ಎತ್ತೋ! ಮ್ಯಾಲಕ್ಕೆ ಎತ್ತೋ ಅದುನ್ನ!"

ಶೆಡ್ಡಿನ ಆ ಕೊನೆಯಿಂದ ಮೇಸ್ತ್ರಿಗಳು ಗಂಬೂಟಿನಲ್ಲೇ ಓಡಿ ಬರುತ್ತಿದ್ದರು. ಬಂದವರೇ ಕೊಕ್ಕೆ ಕಿತ್ತುಕೊಂಡರು. "ಅಲ್ಯೂಮಿನಿಯಂ ಐತೆ ಇದು! ಯಾರು ಇತ್ತಾಳೆ ಅಂತ ಬರ್ದೋರು?"

ನನಗೆ ಸಿಟ್ಟು ನೆತ್ತಿಗೇರಿತು. "ನಾನೇ ಬರೆದಿದ್ದು ಮೇಸ್ತ್ರಿಗಳೇ. ನಮ್ಮಪ್ಪ ಇಪ್ಪತ್ತು ವರ್ಷ ಬಾರ್ಸಿದಾರೆ ಇದನ್ನ. ಅವರು ಸುಳ್ಳು ಹೇಳ್ತಿದ್ರಾ?"

ಅವರು ಶೆಲ್ಲಿನ ಒಳಗೆ, ಕ್ರೋಮ್ ಎದ್ದುಹೋಗಿದ್ದ ಸಾಸಿವೆಯಷ್ಟು ಜಾಗಕ್ಕೆ ಕಡ್ಡಿಯಿಂದ ಒಂದು ಹನಿ ಕಾಸ್ಟಿಕ್ ಮುಟ್ಟಿಸಿದರು. ಹನಿ ಬುಸ್ಸೆಂದು ನೊರೆಯೆದ್ದು ಕುದಿಯಿತು. ತಕ್ಷಣ ನೀರು ಸುರಿದು ತೊಳೆದರು. "ಇತ್ತಾಳೆ ಆಗಿದ್ರೆ ಸುಮ್ಕಿರೋದು. ಗುಳಿ ಬಿದ್ದಿರೋ ಕಡೆಯೆಲ್ಲ ಇಂಗೇ ತಿನ್ಕೊಂಡು ಹೋಗಿರೋದು ಕಣವ್ವ. ಊಟ ಮುಗ್ಸಿ ಬರೋ ಒಳಗೆ ಜರಡಿ."

ನಾನು ಅಲ್ಲೇ ಒಂದು ಡ್ರಮ್ಮಿನ ಮೇಲೆ, ರಾಸಾಯನಿಕ ತುಂಬಿದ ನೀಲಿ ಡ್ರಮ್ಮಿನ ಮೇಲೆ, ಕೂತುಬಿಟ್ಟೆ. ಅಪ್ಪನನ್ನು ನನ್ನ ಕೈಯಾರೆ ಇನ್ನೊಮ್ಮೆ ಕಳೆದುಕೊಳ್ಳುತ್ತಿದ್ದೆ.

ಟೀ ತರಿಸಿ ಕುಡಿಸಿ, ಅವರು ಮೂಲೆಯಲ್ಲಿ ಬಿದ್ದಿದ್ದ ತುಂಡುಗಳನ್ನು ಸಾಲಾಗಿ ದಾರಕ್ಕೆ ಕಟ್ಟಿ ತೂಗುಬಿಟ್ಟರು. ಒಂದೊಂದನ್ನೇ ತಟ್ಟಿದರು. "ಸ್ಟೀಲು ಜಗಳಗಂಟಿ, ಬಾಯಿ ತೆಗುದ್ರೆ ಕಿರುಚ್ತದೆ. ಇತ್ತಾಳೆ ಮಾತು ಮುಗ್ಸಕ್ಕೇ ಒಪ್ಪಕಿಲ್ಲ, ಎಳೀತಾ ಇರ್ತದೆ, ಆದ್ರೆ ಬಲು ಸಿಹಿ. ಕಂಚು ದೊಡ್ಡೋರಂಗೆ, ಎದೆಯಿಂದ ಮಾತಾಡ್ತದೆ. ಅಲ್ಯೂಮಿನಿಯಂ ಯೇಳೋದು ಯೇಳಿ ಬಾಯಿ ಮುಚ್ಕೊಂತದೆ." ಇಷ್ಟು ವರ್ಷ ಡ್ರಮ್ ಬಾರಿಸಿದ ನನಗೆ ಅವತ್ತು ಮೊದಲ ಸಲ ಲೋಹ ಕೇಳಿಸಿತು. ಅಬ್ಬಾ, ಮೈಯೆಲ್ಲ ಜುಮ್ಮೆಂದಿತು.

ಆಮೇಲೆ ಅಪ್ಪನ ಶೆಲ್ಲನ್ನು ಬೆರಳ ಮೇಲೆ ತೂಗಿ ತಟ್ಟಿ, ನನ್ನತ್ತ ತಿರುಗಿ ಕೇಳಿದರು: "ಆರ್ಕೆಸ್ಟ್ರಾದೋರು ಡ್ರಮ್ ಮ್ಯಾಲೆ ಕರ್ಚೀಪ್ ಆಕ್ಕೊಂಡು ಬಡೀತಾರಲ್ಲ, ನಿಮ್ಮಪ್ಪಾರು ಆಕ್ತಿರ್ನಿಲ್ಲ ಅಲ್ವಾ?"

ಹೌದು, ಹಾಕುತ್ತಿರಲಿಲ್ಲ ಎಂದೆ. ಸದ್ದು ಎಳೆಯದಿರಲಿ ಎಂದು ಬೇರೆ ಡ್ರಮ್ಮರುಗಳೆಲ್ಲ ಚರ್ಮದ ಮೇಲೆ ಕರ್ಚೀಫೋ ಪರ್ಸೋ ಇಟ್ಟುಕೊಳ್ಳುತ್ತಿದ್ದರು. ಅಪ್ಪ ಒಂದು ದಿನವೂ ಇಟ್ಟವರಲ್ಲ. ಅದು ಅವರ ಕೈಚಳಕ ಎಂದೇ ನಾನು ತಿಳಿದಿದ್ದೆ, ಬೇಗ ಬಾಯಿ ಮುಚ್ಚುವ ಲೋಹದ ಗುಣ ಎಂದಲ್ಲ. ಅಪ್ಪನ ಮುಖವನ್ನೇ ನೋಡದ ಈ ಮನುಷ್ಯ, ಅಪ್ಪ ಬಾರಿಸುತ್ತಿದ್ದ ರೀತಿಯನ್ನು ಬರೀ ಒಂದು ಬಳೆ ತಟ್ಟಿ ಹೇಳಿಬಿಟ್ಟಿದ್ದರು. ಅವರಿಗೆ ಕೈಮುಗಿಯಬೇಕು ಅನ್ನಿಸಿತು, ಮುಗಿದೆ ಕೂಡ.

ಹಳೆಯದನ್ನು ಬಿಡಿಸುವ ಆಸಿಡ್ಡೂ ಅಲ್ಯೂಮಿನಿಯಂ ತಿನ್ನುತ್ತದೆಂದು, ಹೊಸ ಕ್ರೋಮ್ ಹಾಕಲು ಅವರು ಸುತಾರಾಂ ಒಪ್ಪಲಿಲ್ಲ. ಎಣ್ಣೆ ಬಟ್ಟೆಯಲ್ಲಿ ಒರೆಸಿ, ಹಾಗೇ ವಾಪಸು ಕೊಟ್ಟರು.

ತಿಂಗಳು ಕಳೆದು ಆಯುಧಪೂಜೆ ಬಂತು. ವರ್ಷದಲ್ಲಿ ಆ ಶೆಡ್ಡು ನಿಶ್ಶಬ್ದವಾಗಿರುವುದು ಅದೊಂದೇ ದಿನ. ತೊಟ್ಟಿಗಳಿಗೆಲ್ಲ ಕುಂಕುಮ, ಬಾಳೆಕಂದು. ಡ್ರಮ್ ಜೋಡಿಸಿಕೊಂಡು ಹೋಗಿ, ಅವರ ಎದುರು ಕೂತು ಬಾರಿಸಿದೆ. ಅಪ್ಪ ಕಲಿಸಿದ್ದನ್ನೆಲ್ಲ ಬಾರಿಸಿದೆ. ಅವರು ಗೋಡೆಗೊರಗಿ, ಕಣ್ಣು ಮುಚ್ಚಿ, ಉಸಿರೂ ಆಡದವರಂತೆ ಕೇಳಿದರು. ಮುಗಿದ ಮೇಲೆ ಟವೆಲಿನಲ್ಲಿ ಮುಖ ಒರೆಸಿಕೊಂಡರು.

"ಯಾರಾನಾ ಕೇಳುದ್ರೆ ಇತ್ತಾಳೆ ಅಂತ್ಲೇ ಯೇಳವ್ವ," ಎಂದರು. "ಅಪ್ಪನ ಮಾತು ಯಾಕೆ ಸುಳ್ಳು ಮಾಡ್ತೀಯ? ಇಬ್ರಿಗೇ ಗೊತ್ತಿರ್ಲಿ, ಸಾಕು."

ಗುಡಿಯ ಗಂಟೆಯ ಮುಂದೆಯೂ ಬಾಯಿ ಕಟ್ಟದ ಮನುಷ್ಯ ನನಗೋಸ್ಕರ ಅಷ್ಟು ಸೋಲಲು ಸಿದ್ಧರಾಗಿದ್ದರು. ನಾನು ಗಳಗಳನೆ ಅತ್ತೆ.

ಹೋದ ವರ್ಷ ಅವರು ತೀರಿಕೊಂಡರು. ಈಗಲೂ ಕಾರ್ಯಕ್ರಮ ಮುಗಿದ ಮೇಲೆ ಹುಡುಗರು ಬಂದು, "ಅಕ್ಕಾ, ಸಕ್ಕತ್ ಸೌಂಡು, ಹಿತ್ತಾಳೆನಾ?" ಎಂದು ಕೇಳುತ್ತಾರೆ. ಅಲ್ಯೂಮಿನಿಯಂ ಎಂದೇ ಹೇಳುತ್ತೇನೆ. ಅವರ ಒಂದೇ ಒಂದು ಮಾತು ನಾನು ನಡೆಸಿಕೊಡದೆ ಇರುವುದು ಅದು. ಅಪ್ಪನ ಮಾತು ಸುಳ್ಳಾದರೆ ಅಪ್ಪ ನನ್ನನ್ನು ಕ್ಷಮಿಸುತ್ತಾರೆ. ಮೇಸ್ತ್ರಿಗಳ ಕಿವಿಯನ್ನು ಮಾತ್ರ ನಾನು ಸುಳ್ಳು ಮಾಡಲಾರೆ.