ಅರಿಶಿನ ಹತ್ತಿದ ಉಗುರು

ಭಾನುವಾರ ಕುರಿಯ ಕರುಳು ತಂದು ಬಿಸಿನೀರು, ಅರಿಶಿನ ಹಾಕಿ ತಿಕ್ಕುವಾಗ ಒಂದು ವಾಸನೆ ಏಳುತ್ತದೆ. ನಿಮ್ಮ ಮನೆಯಲ್ಲಿ ಮಾಡುವುದಿಲ್ಲವಾದರೆ ಬಿಡಿ, ಹೇಳಿ ತಿಳಿಸುವಂಥದ್ದಲ್ಲ. ಎಕ್ಕಂಬಿಯ ತವರಿನಲ್ಲಿ ಅವ್ವ ಕಲಿಸಿದ ಕೆಲಸ. ಈಗ ಮಾತ್ರ ಆ ವಾಸನೆ ಎದ್ದರೆ ಮೊದಲು ನನ್ನ ಉಗುರು ನೋಡಿಕೊಳ್ಳುತ್ತೇನೆ.

ನಾನು ಶಿರಸಿಯಲ್ಲಿ ಒಂದು ಫಾರ್ಮಸಿ ಕಾಲೇಜಿನ ಲ್ಯಾಬಿನಲ್ಲಿ ಗಾಜಿನ ಸಾಮಾನು ತೊಳೆಯುವವಳು. ತೊಳೆಯುವುದರಲ್ಲಿ ನನ್ನನ್ನು ಮೀರಿಸುವವರಿಲ್ಲ ಅನ್ನುವ ಹಮ್ಮೂ ಇತ್ತೆನ್ನಿ. ನುಂಗಿದ ಔಷಧಿ ಕರುಳಿನ ಗೋಡೆ ದಾಟಿ ಎಷ್ಟು ಒಳಗೆ ಸೇರುತ್ತದೆ ಎಂದು ಅಲ್ಲಿ ಪರೀಕ್ಷೆ ಮಾಡುತ್ತಾರೆ. ಆಗಷ್ಟೇ ಕಡಿದ ಕುರಿಯ ಗೇಣುದ್ದ ಕರುಳನ್ನು ಗಾಜಿನ ಕಡ್ಡಿಯ ಮೇಲೆ ಒಳಮಗ್ಗುಲು ಹೊರಗೆ ಬರುವಂತೆ ತಿರುವಿ, ತುದಿಗಳಿಗೆ ದಾರ ಕಟ್ಟಿ ಚೀಲ ಮಾಡಿ, ಔಷಧಿ ಕಲಸಿದ ಬೆಚ್ಚನೆಯ ಉಪ್ಪುನೀರಿನಲ್ಲಿ ಇಳಿಬಿಡುತ್ತಾರೆ. ಚೀಲದೊಳಗೆ ಔಷಧಿ ಎಷ್ಟು ಇಳಿಯಿತೆಂದು ಯಂತ್ರ ಹೇಳುತ್ತದೆ.

ಕೆಲವು ವರ್ಷದ ಹಿಂದೆ ಉಮ್ಮಚಗಿಯ ಸೌಮ್ಯಾ ಎಂಬ ಹುಡುಗಿ ಕೊನೇ ವರ್ಷದಲ್ಲಿದ್ದಳು. ಮಾಂಸ ಮುಟ್ಟದ ಮನೆಯವಳು. ಕರುಳು ಹಿಡಿಯುವಾಗ ಉಸಿರು ಬಿಗಿಹಿಡಿಯುತ್ತಿದ್ದಳು. ಅವಳು ತಯಾರಿಸಿದ ಔಷಧಿ ಎರಡು ವಾರವಾದರೂ ಅಂದುಕೊಂಡಷ್ಟು ದಾಟುತ್ತಿರಲಿಲ್ಲ. "ಎಂತ ಮಾಡೂದು ಅಕ್ಕಾ, ನಾಳೆ ಹತ್ತು ಗಂಟೆಗೆ ವರದಿ ಕೊಡ್ಬೇಕು" ಎನ್ನುವ ದಿನ ಬಂತು. ಅವತ್ತೇ ಕರುಳು ತರುವ ಅಟೆಂಡರ್ ರಜೆ ಹಾಕಿದ. ತಣ್ಣನೆಯ ಉಪ್ಪುನೀರಿನ ಫ್ಲಾಸ್ಕ್ ಹಿಡಿದು ಮಾಂಸದಂಗಡಿಗೆ ನಾನೇ ಹೋದೆ.

ಸೆಗಣಿ ತುಂಬಿದ ಕರುಳನ್ನು ಆ ಹುಡುಗಿಯ ಕೈಗೆ ಹೇಗೆ ಕೊಡಲಿ? ಮನೆಗೆ ಬಂದು ಬಿಸಿನೀರು, ಅರಿಶಿನ ಹಾಕಿ ತಿಕ್ಕಿ, ಹಳದಿ ಕಾಣದಷ್ಟು ಚೊಕ್ಕ ಮಾಡಿ ತೊಳೆದೆ, ಮತ್ತೆ ಫ್ಲಾಸ್ಕಿಗೆ ಹಾಕಿ ಒಯ್ದೆ.

ಮಧ್ಯಾಹ್ನ ಯಂತ್ರ ಅಷ್ಟು ದಿನದ ಅಂಕಿಯ ಮೂರು ಪಟ್ಟು ತೋರಿಸಿತು. ಸೌಮ್ಯಾ ಕುಣಿದಳು. ಅವಳ ಪರೀಕ್ಷೆ ನೋಡಿಕೊಳ್ಳುತ್ತಿದ್ದ ಸರ್ ಹುಬ್ಬು ಗಂಟಿಕ್ಕಿದರು.

"ಇಷ್ಟೊಂದಾ? ಕರುಳು ಸತ್ತಿರಲಿಲ್ಲ ತಾನೆ? ಜೀವ ಇರೋ ಕರುಳು ಬಾಗಿಲು ಕಾಯ್ತದೆ. ಸತ್ತದ್ದು ಬಂದದ್ದನ್ನೆಲ್ಲ ಒಳಗೆ ಬಿಡ್ತದೆ. ಸ್ವಲ್ಪ ಬಿಸಿ ತಾಗಿದ್ರೂ ಮುಗೀತು."

"ಇಲ್ಲ ಸರ್, ಅಕ್ಕ ತಂದ ಕೂಡ್ಲೇ ಮಾಡಿದ್ದು."

ನಾನು ಕೈ ಸೆರಗಿನಲ್ಲಿ ಮುಚ್ಚಿಕೊಂಡೆ. ಉಗುರೆಲ್ಲ ಹಳದಿ. ತೊಳೆದ ಬೀಕರನ್ನೇ ಮೂರು ಸಲ ತೊಳೆದೆ. ಅವಳು ಆಗಲೇ ಆ ಅಂಕಿ ಬರೆದುಕೊಳ್ಳುತ್ತಿದ್ದಳು. ಪೆನ್ನಿನ ಸದ್ದು ನನಗೆ ಕೇಳುತ್ತಿತ್ತು. ಹೇಳಿದರೆ ಅವಳ ವರದಿ ಹೋಯಿತು. ಹೇಳದಿದ್ದರೆ ಸುಳ್ಳೇ ವರದಿಯಾಯಿತು.

"ಸೌಮ್ಯಾ, ಅದನ್ನ ನಾ ಬಿಸಿನೀರಾಗ ತೊಳದೀನವ್ವ."

ಪೆನ್ನು ನಿಂತಿತು. ಅವಳು ನನ್ನ ಉಗುರು ನೋಡಿದಳು.

"ಅರಿಶಿನಾನೂ ಹಾಕಿದ್ರಾ? ಸಾರು ಮಾಡೂಕೆ ತರೂಕೆ ಹೇಳಿದ್ನಾ ಅಕ್ಕಾ ನಾನು!" ಅಂದವಳೇ ಅಳತೊಡಗಿದಳು. ಬೈದಿದ್ದರೆ ಹಗುರಾಗುತ್ತಿತ್ತು.

"ಬೆಳಿಗ್ಗೆ ಐದಕ್ಕೇ ಹೋಗ್ತೀನಿ. ಈ ಸಲ ಕೈ ಹಚ್ಚೂದಿಲ್ಲ" ಅಂದೆ.

ಸರ್‌ಗೂ ಅವಳೇ ಹೇಳಿದಳು. ಬೆಳಿಗ್ಗೆ ಬೇಗ ತೆರೆಯಿರಿ ಎಂದು ಅವರು ಲ್ಯಾಬಿನ ಬೀಗದ ಕೈ ಕೊಟ್ಟರು. ಮರುದಿನ ಹೊಲಸು ಹೊಲಸಾಗಿಯೇ ಒಯ್ದೆ, ನಾಚಿಕೆಯಿಂದ ಮುಖ ತಿರುಗಿಸಿ ಕೊಟ್ಟೆ. ತಣ್ಣನೆಯ ಉಪ್ಪುನೀರಿನಲ್ಲಿ ಅವಳೇ ಅದನ್ನು ಜಾಲಿಸಿದಳು. ಒಂಬತ್ತೂವರೆಗೆ ಯಂತ್ರ ಮತ್ತೆ ಹಳೆಯ ಸಣ್ಣ ಅಂಕಿಯನ್ನೇ ತೋರಿಸಿತು. ತುಟಿ ಕಚ್ಚಿ ಅದನ್ನೇ ಬರೆದಳು. ಹಿಂದಿನ ದಿನದ ಪುಟಕ್ಕೆ ಅಡ್ಡಗೆರೆ ಎಳೆದು ಪಕ್ಕದಲ್ಲಿ 'ಕರುಳು ಸತ್ತಿತ್ತು' ಎಂದಳು. ಸಾಯಿಸಿದ್ದು ಯಾರು ಅಂತ ಬರೆಯಲಿಲ್ಲ.

ಈಗ ಕರುಳು ತರುವ ಕೆಲಸ ನನ್ನದೇ. ಇವತ್ತೂ ಭಾನುವಾರ, ಮನೆಯ ಕರುಳು ಅರಿಶಿನ ಹಾಕಿ ತೊಳೆದದ್ದಾಗಿದೆ. ಈ ವರ್ಷದ ಹೊಸ ಹುಡುಗಿ ಈಗಷ್ಟೇ ಫೋನ್ ಮಾಡಿದ್ದಳು, ನಾಳೆ ಬೆಳಿಗ್ಗೆ ಬೇಕಂತೆ. ನಾನು ಸೋಪು ಹಚ್ಚಿ ಉಗುರು ತಿಕ್ಕುತ್ತಿದ್ದರೆ ಒಳಗಿನಿಂದ ನಮ್ಮ ಯಜಮಾನರು, "ಕರುಳು ಬೇಯಿಸ್ತೀಯೋ, ಉಗುರೋ?" ಎಂದು ನಗುತ್ತಾರೆ. ಹಳದಿ ಪೂರ್ತಿ ಹೋಗುವುದಿಲ್ಲ. ಇರಲಿ. ನಾಳೆ ಆ ಹುಡುಗಿಗೆ ಮೊದಲು ಈ ಉಗುರು ತೋರಿಸಿ, ನಡೆದದ್ದು ಹೇಳಿ, ಆಮೇಲೇ ಫ್ಲಾಸ್ಕ್ ಕೊಡುತ್ತೇನೆ.