ಕಾಣದ ರಫೂ

ನನ್ನ ಷಡ್ಡಕನದು ರಫೂ ಕೆಲಸ. ಎಳೆಗೆ ಎಳೆ ಸೇರಿಸಿ, ಬಟ್ಟೆ ಹರಿದಿತ್ತೆಂಬ ಸುಳಿವೇ ಉಳಿಯದಂತೆ ಮಾಡುವ ವಿದ್ಯೆ. ಕೋಪ ಮೂಗಿನ ತುದಿಯಲ್ಲಿ, ಗರ್ವ ಸೂಜಿಯ ತುದಿಯಲ್ಲಿ. "ಕಂಡ್ರೆ ಅದು ತೇಪೆ, ಕಾಣದಿದ್ರೆ ರಫೂ" ಎಂಬುದು ಅವನ ವೇದವಾಕ್ಯ. ಅದೇ ಅವನ ಕಾಲ ಮೇಲೆ ಚಪ್ಪಡಿಯಾಗಿ ಬಿತ್ತು.

ನಮ್ಮಿಬ್ಬರ ಮಾವ ಫುಟ್‌ಬಾಲ್ ತಂಡದ ಗೋಲ್‌ಕೀಪರ್. ಗೆದ್ದ ದಿನದ ಫೋಟೋದಲ್ಲಿ ಅವರ ಉಣ್ಣೆ ಜೆರ್ಸಿಯ ಎಡ ಹೆಗಲು ಹರಿದು ಬಾಯಿಬಿಟ್ಟಿದೆ. ಅವರು ಹೋದ ಮೇಲೆ ಜೆರ್ಸಿ ಕಿರಿ ಮಗಳ, ಅಂದರೆ ನನ್ನ ನಾದಿನಿಯ ಪಾಲಾಯಿತು. ಎಳೆ ಮಗುವಿನ ಹಾಗೆ ಸಾಕಿದಳು. ನೇತುಹಾಕಿದರೆ ಹೆಗಲು ಜೋಲುತ್ತದೆಂದು ಮಲಗಿಸಿಯೇ ಇಟ್ಟಳು; ಒಂದೇ ಕಡೆ ಮಡಿಕೆ ಬಿದ್ದರೆ ಅಲ್ಲೇ ಸೀಳುತ್ತದೆಂದು ಆಗಾಗ ಮಡಿಕೆ ಬದಲಿಸಿದಳು. ಮದುವೆಯಾದ ಹೊಸ ಹುಮ್ಮಸ್ಸಿನಲ್ಲಿ ಗಂಡ ಜೆರ್ಸಿಯ ಒಳಅಂಚಿನಿಂದಲೇ ಉಣ್ಣೆ ಎಳೆ ತೆಗೆದು ಆ ಹರುಕು ಮುಚ್ಚಿಕೊಟ್ಟ. ಆಗ ಅವಳೂ ಹಿಗ್ಗಿದ್ದಳು.

ಈಗ ಆ ತಂಡದ ಕ್ಲಬ್ಬಿನವರು ಹಳೆಯ ಆಟಗಾರರ ಬಟ್ಟೆಗಳಿಗೆಂದು ಗಾಜಿನ ಕಪಾಟು ಮಾಡಿಸಿದ್ದಾರೆ. ಜೆರ್ಸಿ ಮಾವನದೇ ಎಂದು ಸಾಬೀತಾದರೆ ಅದರ ಕೆಳಗೆ ಅವರ ಹೆಸರು. ನಾದಿನಿಗೆ ಬೇಕಾಗಿದ್ದು ಅಷ್ಟೇ.

ಹಳೆಯ ಆಟದ ಬಟ್ಟೆಗಳನ್ನು ಪರೀಕ್ಷಿಸಿ ಬೆಲೆ ಕಟ್ಟುವವನೊಬ್ಬ ಕ್ಲಬ್ಬಿನ ಪರವಾಗಿ ಮನೆಗೇ ಬಂದ. ಫೋಟೋ ನೋಡಿದ, ಜೆರ್ಸಿ ನೋಡಿದ, ಭೂತಗನ್ನಡಿ ಹಿಡಿದ.

"ಬಟ್ಟೆ ಆ ಕಾಲದ್ದೇ ಅಮ್ಮಾ. ಆದ್ರೆ ಇಂಥವು ತಂಡಕ್ಕೊಂದು ಕಟ್ಟೇ ಇರ್ತಿದ್ವು, ಇದು ನಿಮ್ಮಪ್ಪನದೇ ಅನ್ನೋಕೆ ಗುರುತು ಬೇಕು. ಫೋಟೋದಲ್ಲಿರೋ ಹರುಕೆಲ್ಲಿ?"

"ನಾನೇ ರಫೂ ಮಾಡಿದೀನಿ," ಎಂದ ಷಡ್ಡಕ, ಎದೆಯುಬ್ಬಿಸಿ.

"ಎಲ್ಲಿ ತೋರ್ಸಿ?"

ಷಡ್ಡಕ ಕನ್ನಡಕ ಏರಿಸಿದ. ಹೆಗಲು ಹಿಂದೆ ಮುಂದೆ ತಿರುವಿದ, ಒಳಗು ಹೊರಗು ಮಾಡಿದ, ಕಿಟಕಿಗೆ ಹಿಡಿದ. ಹೊಲಿದವನಿಗೇ ಹೊಲಿಗೆ ಸಿಗಲಿಲ್ಲ!

"ಇಲ್ಲೇ ಇತ್ತು ಕಣ್ರೀ!"

"ಬೆಕ್ಕೇನು, ಎದ್ದು ಹೋಗೋಕೆ?" ಎಂದೆ ನಾನು.

"ಭಾವ, ನೀವು ಸ್ವಲ್ಪ ಬಾಯಿ ಮುಚ್ಕೊಂಡಿರಿ," ಎಂದು ನಾದಿನಿ ನನ್ನ ಮೇಲೆ ರೇಗಿ, ಗಂಡನ ಕೈಯಿಂದ ಜೆರ್ಸಿ ಕಿತ್ತುಕೊಂಡಳು. ಕಣ್ಣು ಮುಚ್ಚಿ ಹೆಗಲ ಮೇಲೆ ಬೆರಳಾಡಿಸಿದಳು. ಒಂದು ಕಡೆ ಬೆರಳು ನಿಂತಿತು. "ಇಲ್ಲಿ ಕೂದಲೆಳೆಯಷ್ಟು ದಪ್ಪ. ಬಿಚ್ಚಿ."

"ಬಿಚ್ಚೋದಾ? ಏನ್ ಹೇಳ್ತಿದೀಯಾ? ಇಂಥ ಕೆಲ್ಸ ನಾನು ಮತ್ತೆ ಮಾಡಿಲ್ಲ ಕಣೇ!"

"ಹೊಲಿಗೆ ಎಳೆ ಮಾತ್ರ ತೆಗೆದ್ರೆ ಹರುಕಿನ ಆಕಾರ ಫೋಟೋಗೆ ಹೋಲ್ಸಬಹುದು," ಎಂದ ಬಂದವನು ಮೆಲ್ಲಗೆ. "ಹೋಲಿದ್ರೆ ಹೆಸರು ಹಾಕಿಸ್ತೀನಿ. ಇಲ್ದಿದ್ರೆ ಇದು ಬರೀ ಹಳೇ ಸ್ವೆಟರ್."

ಬರೀ ಹಳೇ ಸ್ವೆಟರ್! ನಾದಿನಿಯ ಮುಖ ಕಪ್ಪಿಟ್ಟಿತು. "ನನಗೆ ಅಪ್ಪನ ಹರುಕು ಬೇಕು ರೀ. ನಿಮ್ಮ ಕೈಚಳಕ ಕಟ್ಕೊಂಡು ಏನ್ ಮಾಡ್ಲಿ?"

ಷಡ್ಡಕನಿಗೆ ಬಿಸಿತುಪ್ಪ, ನುಂಗುವಂತಿಲ್ಲ, ಉಗುಳುವಂತಿಲ್ಲ. ಕೊನೆಗೆ ಕಿಟಕಿಯ ಬಳಿ ಕೂತ. ಸೂಜಿಮೊನೆಯಿಂದ ಒಂದು ಎಳೆ ಎತ್ತಲು ಹೋದ, ಜಾರಿತು. ಇನ್ನೊಂದು, ಅದೂ ಜಾರಿತು. ಬಂದವನು ಎರಡನೇ ಲೋಟ ನೀರು ಕುಡಿದು ಗಡಿಯಾರ ನೋಡಿದ. ಷಡ್ಡಕನ ಕಿವಿ ಕೆಂಪಾಯಿತು.

"ಥೂ, ಯಾವ ಮುಂಡೇಗಂಡ ಹೊಲಿದ್ನೋ ಇದನ್ನ!" ಎಂದು ಕಿರುಚಿದ. "ಬಿಡ್ತಾನೇ ಇಲ್ವಲ್ಲ!"

ನಾದಿನಿ ದೀಪ ತಂದು, ಎಳೆ ಕಾಣಲೆಂದು ಅವನ ಹೆಗಲ ಹಿಂದಿನಿಂದ ಹಿಡಿದು ನಿಂತಳು.