ಏಳು ಕಾಲಿನ ಕುಗಿತಾಗೆ ಊಟ ಬಡಿಸುವಾಕೆ

ಬೆಳಗಿನ ಐದು ಗಂಟೆ. ಮಂದಾವೆ ಮಾರುಕಟ್ಟೆಯ ದಿನಸಿ ಅಂಗಡಿಯೊಂದರ ಕೌಂಟರಿನಡಿ ಫೆಮಿಯಾ ಕಬಾಹುಗ್ ತೂರಿಕೊಂಡಿದ್ದಾರೆ. ಹೊರಗೆ ಕಾಣುವುದು ಎರಡು ಹವಾಯಿ ಚಪ್ಪಲಿ ಮಾತ್ರ. ಟಾರ್ಚನ್ನು ಬಾಯಲ್ಲಿ ಕಚ್ಚಿಕೊಂಡೇ ಮಾತಾಡುವುದರಿಂದ ಪತ್ರಿಕೆಗೆ ಬರೆಯಲು ಬಂದ ನನಗೆ ಅರ್ಧ ಮಾತು ತಿಳಿಯುವುದಿಲ್ಲ. ತಿಳಿದ ಅರ್ಧವೆಲ್ಲ ಬೈಗುಳ.

ಬೈಗುಳ ಯುಎಸ್‌ಬಿ ಹಬ್‌ಗೆ. ಬಾರ್‌ಕೋಡ್ ಗನ್ನು, ತಕ್ಕಡಿ, ಕಾರ್ಡ್ ಯಂತ್ರ, ಬೆಲೆ ತೋರಿಸುವ ಪುಟ್ಟ ಪರದೆ, ಎಲ್ಲವನ್ನೂ ಒಂದೇ ಕಂಪ್ಯೂಟರಿಗೆ ಗಂಟು ಹಾಕುವ ಪೆಟ್ಟಿಗೆ ಅದು. ನಮ್ಮ ಸೆಬು ದ್ವೀಪದ ಅಂಗಡಿಗಳಲ್ಲಿ ಅದಕ್ಕೆ ಕುಗಿತಾ, ಅಂದರೆ ಆಕ್ಟೋಪಸ್ ಎಂದೇ ಹೆಸರು. "ಎಂಟು ಕಾಲಿರ್ಬೇಕಿತ್ತು, ಇದಕ್ಕೆ ಏಳೇ. ಒಂದನ್ನ ಯಾರೋ ಸುಟ್ಕೊಂಡು ತಿಂದಿದಾರೆ" ಎನ್ನುತ್ತಾರೆ ಫೆಮಿಯಾ.

ಇವರಿಗೆ ಈಗ ಐವತ್ತೆರಡು. ಹದಿನಾಲ್ಕು ವರ್ಷ ಕಾರ್ಖಾನೆಯಲ್ಲಿ ಬೆಸುಗೆ ಹಾಕಿದವರು. ಅದು ಬಾಗಿಲು ಮುಚ್ಚಿದ ಮೇಲೆ ಎರಡು ವರ್ಷ ಒಣಮೀನು ಮಾರಿದರು. ಪಕ್ಕದ ಅಂಗಡಿಯ ಗನ್ನು ಕೆಟ್ಟಾಗ ಕೈ ಹಾಕಿದ್ದೇ ನೆಪ, ಈಗ ಮಾರುಕಟ್ಟೆಯ ನಲವತ್ತು ಕೌಂಟರುಗಳು ಇವರ ಪಾಲಿಗೆ ಬಿದ್ದಿವೆ. ದಿನಕ್ಕೆ ಏಳೆಂಟು ಕಡೆ ಕರೆ ಬರುತ್ತದೆ.

ಇವತ್ತಿನ ಕರೆ ಮಾತ್ರ ತಮಾಷೆಯದ್ದಲ್ಲ. ಮೂರು ದಿನದಿಂದ, ತಕ್ಕಡಿ ಮತ್ತು ಕಾರ್ಡ್ ಯಂತ್ರ ಒಟ್ಟಿಗೆ ಕೆಲಸಕ್ಕಿಳಿದ ಕೂಡಲೇ ಗನ್ನು ಮೂಕವಾಗುತ್ತಿದೆ. ಗಿರಾಕಿಗಳ ಸಾಲು ಬೀದಿಗೆ ಬರುತ್ತಿದೆ. ಇವತ್ತೂ ಕೆಟ್ಟರೆ ಕೌಂಟರಿನಲ್ಲಿ ಕೂರುವ ಜೊವೆಲಿನ್‌ಳನ್ನು ಕೆಲಸ ಬಿಡಿಸಿ ಮನೆಗೆ ಕಳಿಸುವುದಾಗಿ, ಎಲ್ಲರೂ ಗೌರವದಿಂದ 'ನಾಂಗ್' ಎಂದು ಕರೆಯುವ ಯಜಮಾನಿ ಕೊನ್ಸಿಂಗ್ ಹೇಳಿಬಿಟ್ಟಿದ್ದಾರೆ.

"ನಾನೇನೂ ಮಾಡಿಲ್ಲ ನಾಂಗ್, ಯಂತ್ರಾನೇ ಸರಿಯಿಲ್ಲ" ಎಂದು ಜೊವೆಲಿನ್ ಕಣ್ಣೊರೆಸಿಕೊಳ್ಳುತ್ತಾಳೆ.

"ಕುಣಿಯಕ್ಕೆ ಬರ್ದೋಳು ನೆಲ ಡೊಂಕು ಅಂದ್ಲಂತೆ!" ಎಂದು ಯಜಮಾನಿ ಮೂದಲಿಸುತ್ತಾರೆ.

"ಸಿಕ್ತು" ಎನ್ನುತ್ತದೆ ಕೌಂಟರಿನಡಿಯ ದನಿ.

ಹಬ್‌ನ ಅಡಾಪ್ಟರ್ ವಿನಿಗರ್ ಡಬ್ಬಿಗಳ ಹಿಂದೆ ಅನಾಥವಾಗಿ ಬಿದ್ದಿದೆ. ಅದರ ಸಾಕೆಟ್ಟಿನಲ್ಲಿ ಸಾಂತೊ ನಿನ್ಯೊ, ಅಂದರೆ ಬಾಲಯೇಸುವಿನ ವಿಗ್ರಹಕ್ಕೆ ಹಾಕಿದ ಹೊಸ ದೀಪದ ಸರ. ಒಂಬತ್ತು ದಿನದ ಪ್ರಾರ್ಥನೆ ಶುರುವಾಗಿದ್ದು ಮೂರು ದಿನದ ಹಿಂದೆ. ದೀಪ ಚುಚ್ಚಿದವರು ಸ್ವತಃ ಯಜಮಾನಿ. ಗೋಡೆಯ ಕರೆಂಟು ತಪ್ಪಿದರೂ ಕಂಪ್ಯೂಟರ್ ಕೊಡುವ ಗುಟುಕಿನಲ್ಲೇ ಹಬ್‌ನ ನೀಲಿ ದೀಪ ಉರಿಯುತ್ತಿರುತ್ತದೆ, ಹಾಗಾಗಿ ಯಾರಿಗೂ ಅನುಮಾನ ಬಂದಿಲ್ಲ. ಆದರೆ ಆ ಗುಟುಕು ಎಲ್ಲ ಕಾಲುಗಳಿಗೂ ಸಾಲುವುದಿಲ್ಲ.

"ದೇವ್ರ ದೀಪ ಕಿತ್ರೆ, ಈ ಅಜ್ಜಿ ನನ್ನ ಕಿತ್ತು ಬಿಸಾಕ್ತಾಳೆ" ಎಂದು ಫೆಮಿಯಾ ನನ್ನ ಕಿವಿಯಲ್ಲಿ ಪಿಸುಗುಡುತ್ತಾರೆ. ಆಮೇಲೆ ಗಟ್ಟಿಯಾಗಿ, "ನಾಂಗ್, ನಿಮ್ಮ ನಿನ್ಯೊ ರಾಜ ಅಲ್ವಾ? ಕಿರೀಟ ಇಟ್ಟು, ಮಕಮಲ್ಲು ಉಡಿಸಿ, ಕೊನೆಗೆ ಕುಗಿತಾ ತಟ್ಟೇಲಿ ಊಟಕ್ಕೆ ಕೂರ್ಸಿದೀರಲ್ಲ!"

ಯಜಮಾನಿ ಸಾಕೆಟ್ಟು ನೋಡುತ್ತಾರೆ, ದೀಪ ನೋಡುತ್ತಾರೆ. "ಹಂಗಾದ್ರೆ... ಕೆಡಿಸಿದ್ದು ನಾನೇನಾ?"

"ನೀವಲ್ಲ, ನಿಮ್ಮ ಭಕ್ತಿ. ಅದಕ್ಕೆ ಸಾಕೆಟ್ ಸಾಲ್ಲಿಲ್ಲ."

ಚೀಲದಿಂದ ಹೊಸ ಪ್ಲಗ್ ಪಟ್ಟಿಯೊಂದು ಹೊರಬರುತ್ತದೆ. ಬೇರೆ ಗೋಡೆಯಿಂದ ನಿನ್ಯೊನಿಗೆ ಸ್ವಂತ ಕರೆಂಟು. ಹಬ್‌ನ ತಂತಿಗಳನ್ನೆಲ್ಲ ಕಿತ್ತು, ಮೊದಲು ಅಡಾಪ್ಟರ್, ಆಮೇಲೆ ಒಂದೊಂದೇ ಸಾಧನ. ಪ್ರತಿಯೊಂದನ್ನೂ ನಡೆಸಿ ನೋಡಿಯೇ ಮುಂದಿನದಕ್ಕೆ ಕೈ. ಎಲ್ಲವನ್ನೂ ಒಟ್ಟಿಗೆ ಚುಚ್ಚಿ ಶುರುಮಾಡಿದರೆ ಯಾವುದರ ತಪ್ಪು ಎಂದು ದೇವರಿಗೂ ಗೊತ್ತಾಗುವುದಿಲ್ಲವಂತೆ. ಕೊನೆಗೆ ಅಡಾಪ್ಟರಿಗೆ ಬಿಳಿ ಟೇಪು ಸುತ್ತಿ ಬರೆಯುತ್ತಾರೆ: 'ಕುಗಿತಾ ಊಟ. ಕೀಳಬೇಡಿ.'

ಜೊವೆಲಿನ್ ತಕ್ಕಡಿಗೆ ಅಕ್ಕಿ ಹಾಕಿ, ಕಾರ್ಡ್ ಯಂತ್ರ ಒತ್ತಿ, ಮೀನಿನ ಡಬ್ಬಿಗೆ ಗನ್ನು ಹಿಡಿಯುತ್ತಾಳೆ.

ಬೀಪ್.

ಯಜಮಾನಿ ಕ್ಷಮೆ ಗಿಮೆ ಕೇಳುವುದಿಲ್ಲ. ಸಿಕ್ವಾತೆ ಎಂಬ ಕುಡಿಯುವ ಬಿಸಿ ಚಾಕಲೇಟು, ಪುತೊ ಮಾಯಾ ಎಂಬ ಅಂಟಕ್ಕಿ ಅನ್ನದ ತಟ್ಟೆ ಬಂದಾಗ ಮೊದಲು ಜೊವೆಲಿನ್ ಮುಂದೆ ಇಡುತ್ತಾರೆ. "ತಿನ್ನು. ನಾಳೆ ಬೇಗ ಬಾ" ಎಂದಷ್ಟೇ ಹೇಳುತ್ತಾರೆ. ನನಗೆ ಖುಷಿಯಾಗಿ ಇನ್ನೊಂದು ಲೋಟ ಕೇಳುತ್ತೇನೆ.

ಪತ್ರಿಕೆಗೆ ಫೋಟೊ ಬೇಕು ಎಂದರೆ ಫೆಮಿಯಾ ಟಾರ್ಚನ್ನು ಚೀಲಕ್ಕೆ ತುರುಕಿ ಮೇಲೇಳುತ್ತಾರೆ. "ನನ್ನ ಮುಖ ಯಾಕೆ? ಹಾಕೋದಾದ್ರೆ ಒಂದು ಮಾತು ಹಾಕಿ, ಜೊವೆಲಿನ್ ಕೈಯಲ್ಲಿ ತಪ್ಪಿರ್ಲಿಲ್ಲ ಅಂತ. ಅವ್ಳ ಅಮ್ಮ ಪೇಪರ್ ಓದ್ತಾಳೆ."

ಹಾಕಿದ್ದೇನೆ.